ಆಂಟಿಯ ಮಂಡಿನೋವಿಗೆ ನಾನು ಕೊಟ್ಟ ಅಂಕ

ಗಿರಿನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಆಂಟಿಗೆ ಮಂಡಿನೋವು. ಅವರನ್ನು ನಮ್ಮ ಅಧ್ಯಯನಕ್ಕೆ ಸೇರಿಸಿದವಳು ನಾನೇ. ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಮಂಡಿನೋವಿನವರಿಗೆ ಹೊಸ ಬಗೆಯ ವ್ಯಾಯಾಮ ಹೇಳಿಕೊಟ್ಟು, ಮೂರು ತಿಂಗಳಾದ ಮೇಲೆ ನೋವು ಹತ್ತಕ್ಕೆ ಎಷ್ಟು ಎಂದು ಕೇಳಿ ಬರೆದುಕೊಳ್ಳುವುದು. ಅದರ ಲೆಕ್ಕಾಚಾರ ನನ್ನ ಕೆಲಸ. ಫಲಿತಾಂಶ ಚೆನ್ನಾಗಿ ಬಂದರೆ ಬೇರೆ ಕ್ಲಿನಿಕ್ಕುಗಳಲ್ಲೂ ಇದೇ ವ್ಯಾಯಾಮ ಶುರುವಾಗುವುದಿತ್ತು.

ಮೂರು ತಿಂಗಳಾದ ಮೇಲೆ ಸುಮಾರು ಜನ ಬರಲಿಲ್ಲ. ಆಂಟಿಯೂ ಬರಲಿಲ್ಲ. ನನಗೆ ಸಿಟ್ಟೇ ಬಂತು. ಆಟೋ ಖರ್ಚು ನಾವೇ ಕೊಟ್ಟರೂ ಬರುವುದಕ್ಕೆ ಇವರಿಗೇನು ಧಾಡಿ ಎಂದು ಗೊಣಗಿಕೊಂಡೆ.

ಬಾರದವರ ಜಾಗ ತುಂಬಲು ನಮ್ಮಲ್ಲಿ ಒಂದು ವಿಧಾನವಿದೆ. ಅಷ್ಟೇ ವಯಸ್ಸು, ಅಷ್ಟೇ ತೂಕ, ಮೊದಲಿಗೆ ಅಷ್ಟೇ ನೋವು ಇದ್ದು ಬಂದವರನ್ನು ನೋಡಿ, ಬಾರದವರ ನೋವು ಈಗ ಎಷ್ಟಿರಬಹುದೆಂದು ಕಂಪ್ಯೂಟರ್ ಊಹಿಸುತ್ತದೆ. ಒಂದು ಸಲವಲ್ಲ, ಹಲವು ಸಲ, ಪ್ರತಿ ಸಲವೂ ಸ್ವಲ್ಪ ಬೇರೆ ಅಂಕ. ಕೊನೆಗೆ ಎಲ್ಲವನ್ನೂ ಒಟ್ಟುಗೂಡಿಸುತ್ತೇವೆ. ಆ ಅಂಕಗಳು ಎಷ್ಟು ಏರುಪೇರಾಗುತ್ತವೋ, ನಮ್ಮ ಊಹೆ ಅಷ್ಟು ಅನಿಶ್ಚಿತ ಎಂದರ್ಥ. ಮೋಸದ ವಿಧಾನವೇನಲ್ಲ. ಆದರೆ ನಾನು ಮಾಡಿದ ರೀತಿಗೆ ಒಂದು ಷರತ್ತಿದೆ: ನೋವು ಹೆಚ್ಚಾಯಿತೆಂಬ ಕಾರಣಕ್ಕೇ ಜನ ಬಾರದೆ ಉಳಿದಿರಬಾರದು. ಹಾಗೇನೂ ಇಲ್ಲವೆಂದು ವರದಿಯಲ್ಲಿ ಒಂದು ಸಾಲು ಬರೆದೆ. ಯಾರನ್ನೂ ಕೇಳಲಿಲ್ಲ. ಕೆಳಗಿನ ಮನೆಯಲ್ಲೇ ಇದ್ದ ಆಂಟಿಯನ್ನೂ ಕೇಳಲಿಲ್ಲ, ಓದಿದವಳೆಂಬ ಕೊಬ್ಬು. ಐದು ಸಲ ಊಹಿಸಿದರೆ ಐದೂ ಸಲ ಅವರ ನೋವು ಇಳಿದಿತ್ತು. ವರದಿ ಕಳಿಸಿದೆ. ಎಲ್ಲರೂ ಭೇಷ್ ಎಂದರು.

ಎರಡು ವಾರ ಕಳೆದು, ನೀರಿನ ಮೋಟರ್ ಕೆಟ್ಟಿದೆ ಎಂದು ಹೇಳಲು ಕೆಳಗಿಳಿದೆ. ಆಂಟಿ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದರು. ಮತ್ತೆ ಒಳಗೆ ಹೋಗಿ, ಒಲೆಯ ಪಕ್ಕ ಹಾಕಿಕೊಂಡಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಸಾರಿಗೆ ಒಗ್ಗರಣೆ ಹಾಕಿದರು. ಬಟ್ಟೆ ಒಣಗಿಸಲು ಅವರು ಟೆರೇಸಿಗೆ ಬರುವುದು ನಿಂತು ಎಷ್ಟೋ ದಿನವಾಗಿತ್ತೆಂಬುದು ನನಗೆ ಆಗ ಹೊಳೆಯಿತು.

"ಏನಾಂಟಿ ಇದು? ಯಾವಾಗಿಂದ?"

"ಆ ಎಕ್ಸರ್‌ಸೈಜ್ ಶುರು ಮಾಡಿದ್ಮೇಲೇನೇ ಕಣಮ್ಮ. ಎರಡನೇ ತಿಂಗಳಿಗೆಲ್ಲಾ ಊದ್ಕೊಂಡ್ಬಿಡ್ತು."

"ಕ್ಲಿನಿಕ್‌ಗೆ ಬಂದು ಹೇಳ್ಬಾರ್ದಿತ್ತಾ?"

"ಹೆಂಗೆ ಹೇಳ್ಲಿ? ಆ ಫಿಸಿಯೋ ಹುಡುಗಿ, ಪಾಪ, ನೆಲದ ಮೇಲೆ ಕೂತು ಅಷ್ಟು ಚೆನ್ನಾಗಿ ಹೇಳ್ಕೊಟ್ಲು. ಜಾಸ್ತಿ ಆಯ್ತು ಅಂದ್ರೆ ಬೇಜಾರ್ ಮಾಡ್ಕೊಳಲ್ವಾ? ಸೇರಿಸ್ದೋಳು ನೀನು ಬೇರೆ. ನನ್ ಜೊತೆ ತ್ಯಾಗರಾಜನಗರದವ್ರು ಒಬ್ರು ಬರ್ತಿದ್ರು, ಅವ್ರಿಗೂ ಹಿಂಗೇ ಆಯ್ತಂತೆ. ಇಬ್ರೂ ಮಾತಾಡ್ಕೊಂಡು ಸುಮ್ನಾಗ್ಬಿಟ್ವಿ."

ನನಗೆ ನಾಚಿಕೆಯಾಯಿತು. ವಾಸಿಯಾದವರು ಖುಷಿಯಿಂದ ಬಂದು ಹೇಳಿ ಹೋಗಿದ್ದರು. ಇವರು ನಮ್ಮ ಮನಸ್ಸು ನೋಯಿಸಬಾರದೆಂದು ಮನೆಯಲ್ಲೇ ನೋವು ತಿಂದಿದ್ದರು. ನಾನು ವಾಸಿಯಾದವರ ಅಂಕ ತಂದು ಇವರಿಗೆ ಅಂಟಿಸಿದ್ದೆ.

ಆಂಟಿ ನನ್ನ ಮುಖ ನೋಡಿ, "ನಾನು ಬರ್ಲಿಲ್ಲ ಅಂತ ನಿನ್ ಲೆಕ್ಕ ಏನಾದ್ರೂ ಕೆಟ್ಟೋಯ್ತಾ?" ಎಂದು ಕೇಳಿದರು.

"ಇಲ್ಲ ಆಂಟಿ. ನಿಮಗೆ ನೋವು ಕಮ್ಮಿ ಆಗಿದೆ ಅಂತ ನಾನೇ ತುಂಬಿಸ್ಬಿಟ್ಟೆ."

"ಸದ್ಯ," ಎಂದು ಅವರು ಕುರ್ಚಿಗೆ ಒರಗಿದರು. "ಎಲ್ಲಿ ನಿಂಗೆ ತೊಂದ್ರೆ ಆಗತ್ತೋ ಅಂತ ಭಯ ಆಗಿತ್ತು."

ಅಲ್ಲಿಂದಲೇ ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿ, ವರದಿ ತಪ್ಪಾಗಿದೆ, ವಾಪಸ್ ತಗೊಳ್ಳಿ ಸಾರ್ ಎಂದೆ.

"ಎರಡು ಕ್ಲಿನಿಕ್‌ನಲ್ಲಿ ಇವತ್ತು ಬೆಳಿಗ್ಗೇನೇ ಶುರು ಮಾಡಿದ್ರಲ್ಲಮ್ಮ" ಎಂದರು.