ಲೋಳೆ ತೊಳೆದವಳು

ಇವಳ ಮುತ್ತಜ್ಜ ಊರಿನ ಮೊದಲ ಚರಂಡಿ ತೋಡಿದವನು. ಅಜ್ಜ ಅದಕ್ಕೆ ಕಲ್ಲು ಹಾಸಿದ. ಅಪ್ಪ ಬದುಕಿಡೀ ಅದರೊಳಗಿಳಿದು ಹೂಳೆತ್ತಿದ. ಸಂಜೆ ಚರ್ಮ ಕೆಂಪಾಗುವಂತೆ ಮೈಯುಜ್ಜಿ, ಬಿಳಿ ಅಂಗಿ ತೊಟ್ಟು ಬಾಗಿಲಲ್ಲಿ ಕೂತು, ಮೂಗು ಮುಚ್ಚಿಕೊಂಡು ಹೋಗುವವರನ್ನು ಕರೆಯುತ್ತಿದ್ದ: "ಬಂದು ಮೂಸಿ ನೋಡ್ರೋ, ನಿಮ್ಮ ಮೈಗಿಂತ ನನ್ನ ಮೈ ಚೊಕ್ಕ!" ಆ ಮನೆಯ ಮಕ್ಕಳು ಹಸಿವನ್ನಾದರೂ ತಡೆದಾರು, ನೆಲದ ಮೇಲಿನ ಕಲೆಯನ್ನು ತಡೆಯರು.

ಇವಳಿಗೆ ನಾವಿಟ್ಟ ಹೆಸರು ಬ್ಲೀಚಕ್ಕ. ಬಚ್ಚಲು, ಬಟ್ಟೆ, ಗಂಡನ ಚಪ್ಪಲಿ, ಕಂಡದ್ದಕ್ಕೆಲ್ಲ ಬ್ಲೀಚಿಂಗ್ ಪುಡಿ. ಗಂಡ ಬೇಗ ಸತ್ತದ್ದು ಆ ಘಾಟು ತಾಳಲಾರದೆ ಎಂದು ಒಡಹುಟ್ಟಿದ ತಂಗಿಯೇ ಎದುರಿಗೆ ನಿಂತು ನಗುತ್ತಿದ್ದಳು.

ಚರಂಡಿ ನೀರು ನೇರ ಕಡಲ ಹಿನ್ನೀರಿಗೆ ಬಿದ್ದು, ಅಲ್ಲಿ ಹೆಕ್ಕಿದ ಚಿಪ್ಪಿನ ಮಾಂಸ ತಿಂದವರು ವಾಂತಿ ಮಾಡಿಕೊಳ್ಳತೊಡಗಿದಾಗ ಸರ್ಕಾರ ಒಂದು ಯೋಜನೆ ತಂದಿತು. ಚರಂಡಿಯ ಬಾಯಲ್ಲಿ ಅಗಲವಾದ ಪಾತಿ ಮಾಡಿ, ಜಲ್ಲಿ, ಮರಳು ತುಂಬಿ, ಜೊಂಡು ನೆಟ್ಟರು. ಹೊಲಸು ನೀರು ಅದರೊಳಗೆ ನಿಧಾನಕ್ಕೆ ಹಾದು ತಿಳಿಯಾಗಿ ಹಿನ್ನೀರು ಸೇರತೊಡಗಿತು. ಇಲಾಖೆಯವರು ನೀರು ಪರೀಕ್ಷಿಸಿ, ಚಿಪ್ಪು ಹೆಕ್ಕಲು ಮತ್ತೆ ಅಪ್ಪಣೆ ಕೊಟ್ಟರು. ತಂಗಿಯದೂ ಸೇರಿ ದಡದ ಮನೆಗಳ ಒಲೆ ಉರಿಯುವುದು ಆ ಚಿಪ್ಪಿನಿಂದಲೇ.

ಪಾತಿ ನೋಡಿಕೊಳ್ಳುವ ಕೆಲಸ ಬ್ಲೀಚಕ್ಕನಿಗೆ ಸಿಕ್ಕಿತು. ಇಂಜಿನಿಯರು ಮೊದಲ ದಿನವೇ ಹೇಳಿದ: "ಅಕ್ಕಾ, ಪ್ಲಾಸ್ಟಿಕ್ ಹೆಕ್ಕಿ, ಒಣಗಿದ ಜೊಂಡು ಕೊಯ್ಯಿರಿ. ಕಲ್ಲಿನ ಮೇಲಿನ ಲೋಳೆ ಮಾತ್ರ ಮುಟ್ಟಬೇಡಿ. ಕೊಳೆ ತಿನ್ನೋದು ಅದೇ."

"ಲೋಳೆ ಕಾಯೋಕೆ ನಾನ್ಯಾಕೆ ಸಾರ್? ಒಂದು ಕಪ್ಪೆ ಇಟ್ಕೊಂಡ್ರೆ ಸಾಕಿತ್ತು."

ನಕ್ಕಳು, ಆದರೂ ಮಾತು ಮೀರಲಿಲ್ಲ. ಬಹಳ ದಿನ ಹಲ್ಲು ಕಚ್ಚಿಕೊಂಡಿದ್ದಳು. ಕೊನೆಗೆ ದೊಡ್ಡ ಸಾಹೇಬರು ಪಾತಿ ನೋಡಲು ಬರುವ ಸುದ್ದಿ ಬಂತು. ಅದರ ಹಿಂದಿನ ದಿನ ತಂಗಿ ದಡದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದಳು:

"ಏನೇ ಅಕ್ಕಾ, ನಿನ್ನ ತೋಟ ಗಬ್ಬು ನಾರ್ತಿದೆ! ಅಪ್ಪ ಇದ್ದಿದ್ರೆ ನಿನ್ನ ಮುಖಕ್ಕೆ ಉಗೀತಿದ್ದ."

ಚಿಪ್ಪು ಹೆಕ್ಕುತ್ತಿದ್ದ ಹೆಂಗಸರೆಲ್ಲ ಗೊಳ್ಳೆಂದರು. ಬ್ಲೀಚಕ್ಕ ಸೀದಾ ಮನೆಗೆ ಹೋಗಿ ಪುಡಿಯ ಚೀಲ ಹೊತ್ತು ತಂದಳು. ಕೈಗೆ ಸಿಕ್ಕ ಕಲ್ಲನ್ನೆಲ್ಲ ಉಜ್ಜಿದಳು, ಉಳಿದ ಪುಡಿಯನ್ನು ಜೊಂಡಿನ ಬುಡಕ್ಕೆ ಸುರಿದಳು. ಸಾಹೇಬರು ಮೆಚ್ಚಿದರು. ಪಾತಿ ಅಡುಗೆಮನೆಯ ಹಾಗೆ ಹೊಳೆಯುತ್ತಿತ್ತು.

ಆಮೇಲೆ ಜೊಂಡು ಹಳದಿಯಾಗಿ ಮಲಗಿತು. ಚರಂಡಿ ನೀರು ಬಂದಂತೆಯೇ ಹೊರಗೆ ಹರಿಯಿತು. ಚಿಪ್ಪು ತಿಂದ ಮಕ್ಕಳು ಆಸ್ಪತ್ರೆ ಸೇರಿದರು, ತಂಗಿಯ ಮಗಳೂ ಅಲ್ಲಿದ್ದಳು. ಹಿನ್ನೀರಿಗೆ ಇಳಿಯಬಾರದೆಂದು ಇಲಾಖೆ ಹಲಗೆ ನೆಟ್ಟಿತು.

ಹೆಂಗಸರು ಬ್ಲೀಚಕ್ಕನ ಬಾಗಿಲಿಗೆ ಬಂದರು. ಮುಂದೆ ತಂಗಿ, ಸೊಂಟದಲ್ಲಿ ಹಿನ್ನೀರಿನ ಕೊಡ.

"ಭಾರಿ ಚೊಕ್ಕ ಮಾಡಿದ್ಯಲ್ಲ, ಕುಡಿ."

"ಕೊಡು ಇಲ್ಲಿ."

ಲೋಟ ತಂದು, ತೊಳೆದು, ತುಂಬಿಸಿ ಕುಡಿದಳು. ಮತ್ತೊಂದು ತುಂಬಿಸಿದಳು. ಯಾರೂ ಕೈ ಹಿಡಿಯಲಿಲ್ಲ. "ಇನ್ನೂ ಇದೆ, ಕುಡೀಲಿ" ಎಂದು ಹಿಂದಿನಿಂದ ಯಾರೋ ಅಂದರು. ಮೂರನೆಯದಕ್ಕೆ ಕಕ್ಕಿದಳು. ತಂಗಿ ಕೊಡವನ್ನು ಹೊಸಿಲ ಮೇಲೆ ಬೋರಲು ಹಾಕಿ ಹೋದಳು.

ಸಾಯಲಿಲ್ಲ. ಕಣ್ಣು ಗುಳಿಬಿದ್ದು, ಗೋಡೆ ಹಿಡಿದು ಎದ್ದಳು. ಇಲಾಖೆ ಕೆಲಸದಿಂದ ತೆಗೆದಿತ್ತು. ಆದರೂ ಇಂಜಿನಿಯರನ್ನು ಕಾಡಿ ಜೊಂಡಿನ ಸಸಿ ತರಿಸಿಕೊಂಡು, ಮೊಣಕಾಲುದ್ದ ಕೆಸರಲ್ಲಿ ಕೂಲಿಯಿಲ್ಲದೆ ನೆಡತೊಡಗಿದಳು. ಲೋಳೆ ಮತ್ತೆ ಕಟ್ಟಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ದಡದ ಒಲೆಗಳು ತಣ್ಣಗೆ.

ಒಂದು ಬೆಳಿಗ್ಗೆ ತಂಗಿ ಸೀರೆ ಎತ್ತಿ ಕಟ್ಟಿ ಪಾತಿಯ ಅಂಚಿಗೆ ಬಂದು ನಿಂತಳು. "ಸರಿ ಅಕ್ಕಾ, ಇತ್ತ ಅರ್ಧ ನಾನು ನೆಡ್ತೀನಿ."

ಬ್ಲೀಚಕ್ಕ ತಲೆ ಎತ್ತಲಿಲ್ಲ.

"ಇಳೀಬೇಡ. ನಿನ್ನ ಕೈ ನನಗೆ ಬೇಡ. ತಪ್ಪು ಮಾಡ್ದೋಳು ನಾನು, ನೆಡೋಳೂ ನಾನೇ. ನೀನು ಅವತ್ತು ನನ್ನ ಕೈಯಿಂದ ಲೋಟ ಕಿತ್ಕೋಬಹುದಿತ್ತು, ಕಿತ್ಕೊಳ್ಳಲಿಲ್ಲ. ನಿನ್ನ ಮಕ್ಕಳು ಈ ಹಿನ್ನೀರಿನ ಚಿಪ್ಪು ತಿಂದೇ ತಿಂತಾರೆ, ತಿನ್ನೋ ಹಾಗೆ ಮಾಡ್ತೀನಿ. ನಿನ್ನ ಗಂಟಲಲ್ಲಿ ಮಾತ್ರ ಅದು ಇಳೀಬಾರದು. ಹೋಗೇ, ಬೆಳಕಿಗೆ ಅಡ್ಡ ನಿಂತಿದ್ದೀಯ."