ಗಂಧ ಹಚ್ಚಿಸಿಕೊಂಡ ಸೆನ್ಸರ್

ಕೋವಿಡ್ ಮುಗಿದ ಮರುವರ್ಷ. ಮುಂಬೈಯ ಒಂದು ಖಾಸಗಿ ಕಂಪನಿಯಲ್ಲಿ ಗ್ಯಾಸ್ ಸುರಕ್ಷತಾ ಎಂಜಿನಿಯರ್ ಆಗಿ ಅದು ನನ್ನ ಕೊನೆಯ ವರ್ಷವೂ ಹೌದು. ಹೋಟೆಲ್ ಅಡುಗೆಮನೆಗಳಲ್ಲಿ ಸೋರಿಕೆ ಪತ್ತೆಹಚ್ಚುವ ಅಲಾರಂ ಕೂರಿಸುವುದು, ಆರು ತಿಂಗಳಿಗೊಮ್ಮೆ ಪರೀಕ್ಷಿಸುವುದು ನನ್ನ ಕೆಲಸ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿಯುತ್ತದೆ. ಅದಕ್ಕೇ ಸೆನ್ಸರ್ ನೆಲದಿಂದ ಒಂದೇ ಅಡಿ ಎತ್ತರದಲ್ಲಿರುತ್ತದೆ.

ಕಾಂದಿವಲಿಯಲ್ಲಿ ಉಡುಪಿ ಕಡೆಯ ಶೆಟ್ಟರೊಬ್ಬರ ಹೋಟೆಲು. ಆ ವರ್ಷ ಅವರ ಗ್ರಹಚಾರ ಸರಿಯಿರಲಿಲ್ಲ. ಒಂದೇ ತಿಂಗಳಲ್ಲಿ ಗ್ರೈಂಡರ್ ಮೋಟಾರ್ ಸುಟ್ಟಿತು, ಫ್ರಿಜ್ ಕೆಟ್ಟಿತು, ದೋಸೆ ಕಾವಲಿ ಬಿರುಕುಬಿಟ್ಟು ಹೊಸದು ಹಾಕಿಸಬೇಕಾಯಿತು. ಹಾಗಾಗಿ ಆಯುಧಪೂಜೆಗೆ ಒಂದು ಯಂತ್ರವನ್ನೂ ಬಿಡಲಿಲ್ಲ.

ಪೂಜೆಯಾಗಿ ಹತ್ತು ದಿನಕ್ಕೆ, ಮಧ್ಯಾಹ್ನದ ಊಟದ ಗದ್ದಲ ಮುಗಿದು ಒಲೆಗಳು ಆರಿದ್ದಾಗ ಪರೀಕ್ಷೆಗೆ ಹೋದೆ.

"ನಿಮ್ಮ ಮಿಷಿನ್ ಈಗ ಭಾರೀ ಸಾಧು ಸಾರ್," ಎಂದರು ಶೆಟ್ಟರು. "ಮೊದಲು ಒಗ್ಗರಣೆಗೂ ಬೊಬ್ಬೆ, ಫಿನಾಯಿಲಿಗೂ ಬೊಬ್ಬೆ. ಪೂಜೆ ಆದ್ಮೇಲೆ ಉಸಿರೇ ಇಲ್ಲ."

ನಕ್ಕು ಅಡುಗೆಮನೆಗೆ ಕಾಲಿಟ್ಟೆ. ವಾಸನೆ ಮೂಗಿಗೆ ಬಡಿಯಿತು.

"ಇಂಗು ಸಾರ್," ಎಂದರು ಮುಖ್ಯ ಅಡುಗೆಯ ಸದಾನಂದಣ್ಣ. "ಈಗಷ್ಟೇ ಹೊಸ ಡಬ್ಬ ಒಡೆದದ್ದು. ಇಂಗಿನ ವಾಸನೆ ನಂಗೆ ಗೊತ್ತುಂಟು ಮಾರಾಯ್ರೆ." ಹೇಳುತ್ತಲೇ ಸಂಜೆಯ ತಿಂಡಿಗೆಂದು ಲೈಟರನ್ನು ಒಲೆಯತ್ತ ಚಾಚಿದರು.

ಅಷ್ಟರಲ್ಲಿ ನನಗೆ ಸೆನ್ಸರ್ ಕಂಡಿತ್ತು. ಜಾಲರಿಯ ತುಂಬ ಒಣಗಿದ ಗಂಧ, ನಡುವೆ ಕುಂಕುಮ. ಪಕ್ಕದಲ್ಲಿ ಹಸಿರು ದೀಪ ನೆಮ್ಮದಿಯಾಗಿ ಉರಿಯುತ್ತಿತ್ತು.

ಸದಾನಂದಣ್ಣನ ಮಣಿಕಟ್ಟು ಹಿಡಿದೆ. "ಒತ್ತಬೇಡಿ. ಯಾರೂ ಸ್ವಿಚ್ ಮುಟ್ಟಬೇಡಿ, ಫ್ಯಾನ್ ಕೂಡ. ಎಲ್ಲರೂ ಹೊರಗೆ!"

"ಹಸಿರುಂಟಲ್ಲ ಸಾರ್! ಹಸಿರಿದ್ರೆ ಹೆದರ್ಬೇಡಿ ಅಂತ ನೀವೇ ಹೇಳಿದ್ದು!" ಎಂದರು ಬಾಗಿಲಲ್ಲಿದ್ದ ಶೆಟ್ಟರು.

ಹೌದು, ಅಲಾರಂ ಕೂರಿಸಿದ ದಿನ ನಾನೇ ಹೇಳಿದ್ದೆ. ಹಸಿರು ದೀಪವೆಂದರೆ ಯಂತ್ರಕ್ಕೆ ಕರೆಂಟ್ ಬರುತ್ತಿದೆ ಎಂದಷ್ಟೇ. ಗಾಳಿ ಒಳಹೋಗುವ ಜಾಲರಿ ಮುಚ್ಚಿದ್ದರೂ ಅದು ಉರಿಯುತ್ತದೆ. ಅವಸರದಲ್ಲಿ ಆ ಅರ್ಧ ಮಾತನ್ನು ನುಂಗಿದ್ದೆ.

ಆರು ಜನರನ್ನು ಫುಟ್‌ಪಾತಿಗೆ ಕಳಿಸಿ, ಹೊರಗಿನ ಮುಖ್ಯ ವಾಲ್ವ್ ಮುಚ್ಚಿ, ಬಾಗಿಲುಗಳನ್ನು ತೆರೆದಿಟ್ಟೆ. ಅನಿಲ ಅಳೆಯುವ ಕೈಮೀಟರಿನ ಮುಳ್ಳು ಇಳಿಯಲು ಅರ್ಧ ಗಂಟೆ ಹಿಡಿಯಿತು. ಹೊಸ ಕಾವಲಿ ಕೂರಿಸುವಾಗ ಅರೆಬರೆ ಬಿಗಿದಿದ್ದ ಅದರಡಿಯ ಪೈಪಿನ ಜೋಡಣೆ ದಿನ ಕಳೆದಂತೆ ಸಡಿಲಾಗಿತ್ತು.

"ಎಷ್ಟು ಇತ್ತು ಸಾರ್?" ಶೆಟ್ಟರು ಮೆಲ್ಲಗೆ ಕೇಳಿದರು.

"ಒಂದು ಕಿಡಿಗೆ ಸಾಕಾಗುವಷ್ಟು."

ಸದಾನಂದಣ್ಣ ಲೈಟರನ್ನು ಫುಟ್‌ಪಾತಿನ ಕಲ್ಲಿನ ಮೇಲಿಟ್ಟು ದೂರ ಸರಿದು ಕುಳಿತರು.

ಆಮೇಲೆ ನಾನು ಯಾರಿಗೂ ಹಸಿರು ದೀಪ ತೋರಿಸಿ ಧೈರ್ಯ ಹೇಳಲಿಲ್ಲ. ಪ್ರತಿ ಬಾರಿ ಪರೀಕ್ಷೆಯ ಅನಿಲ ಬಿಟ್ಟು, ಅಲಾರಂ ಕೂಗಿದ್ದನ್ನು ಅಡುಗೆಯವರ ಕಿವಿಗೆ ಕೇಳಿಸಿಯೇ ಸಹಿ ಹಾಕಿದೆ. ಯಂತ್ರ ಸುಮ್ಮನಿದೆ ಎಂಬುದು ಸುದ್ದಿಯಲ್ಲ. ಕೂಗಬಲ್ಲದೇ ಎಂಬುದಷ್ಟೇ ಸುದ್ದಿ. ಇಷ್ಟು ತಿಳಿದಿದ್ದರೂ, ಮನೆಯಲ್ಲಿ ಲೈಟರಿನ ಸದ್ದಾದರೆ ನನ್ನ ಬಲಗೈ ಇಂದಿಗೂ ಯಾರದೋ ಮಣಿಕಟ್ಟು ಹುಡುಕುತ್ತದೆ.

ಮರುವರ್ಷದ ಪೂಜೆಯ ಹೊತ್ತಿಗೆ ನಾನು ಆ ಕೆಲಸದಲ್ಲಿ ಇರಲಿಲ್ಲ, ಆದರೂ ಶೆಟ್ಟರು ನನ್ನನ್ನೂ ಕರೆದಿದ್ದರು. ಗಂಧದ ಬಟ್ಟಲು ಹಿಡಿದು ಸೆನ್ಸರ್ ಮುಂದೆ ನಿಂತು ಕೇಳಿದರು, "ಇದಕ್ಕೆ ಎಲ್ಲಿ ಹಚ್ಚುದು ಸಾರ್?"

"ಅದರ ಪಾಲಿನದು ನನ್ನ ಹಣೆಗೆ ಹಚ್ಚಿ ಶೆಟ್ರೆ," ಎಂದು ಬಗ್ಗಿದೆ.