ಕೇಳದೆ ಬಿಚ್ಚಿದ ಗಿಟಾರ್

ಕಳೆದ ಮಂಗಳವಾರ ಮಧ್ಯಾಹ್ನ ನನ್ನ ತಮ್ಮನಿಗೆ ಅನ್ನ ಹಾಕುವ ವಸ್ತುವನ್ನು ಬಿಚ್ಚಿ ಊಟದ ಟೇಬಲ್ ಮೇಲೆ ಹರಡಿದೆ. ಅವನನ್ನು ಒಂದು ಮಾತೂ ಕೇಳದೆ.

ತಮ್ಮ ಶಶಿ ರಾಮನಗರದಲ್ಲಿದ್ದಾನೆ. ಮದುವೆ, ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾ ಜೊತೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವುದೇ ಅವನ ಕಸುಬು. ಮನೆಗೆ ಬಣ್ಣ ಹೊಡೆಸುತ್ತಿದ್ದ. ‘ಅಕ್ಕಾ, ಇಲ್ಲೆಲ್ಲ ಧೂಳು. ಶನಿವಾರದ ತನಕ ಗಿಟಾರ್ ನಿಮ್ಮನೇಲಿರ್ಲಿ. ಭಾನುವಾರ ಮಾಗಡೀಲಿ ಪ್ರೋಗ್ರಾಮ್ ಇದೆ’ ಎಂದು ಚನ್ನಪಟ್ಟಣದ ನಮ್ಮ ಮನೆಗೆ ಗಿಟಾರನ್ನೂ ಅದರ ಪುಟ್ಟ ಸ್ಪೀಕರ್ ಪೆಟ್ಟಿಗೆಯನ್ನೂ ತಂದಿಟ್ಟು ಹೋದ. ಇಟ್ಟು ಹೋದ, ಅಷ್ಟೇ. ರಿಪೇರಿ ಮಾಡು ಅನ್ನಲಿಲ್ಲ. ರಿಪೇರಿ ಮಾಡುವಂಥದ್ದು ಏನೂ ಆಗಿರಲೂ ಇಲ್ಲ.

ಆದರೆ ಹಿಂದೊಮ್ಮೆ ಊಟ ಮಾಡುತ್ತಾ ಹೇಳಿದ್ದ: ‘ಇದ್ರಲ್ಲಿ ಬರೀ ದಪ್ಪ ಸೌಂಡು ಕಣಕ್ಕ. ಮೆಲೋಡಿ ಹಾಡಿಗೆ ಒಂದು ತೆಳ್ಳನೆ ಸೌಂಡ್ ಬಂದಿದ್ರೆ ಚೆನ್ನಾಗಿರ್ತಿತ್ತು.’

ಅಕ್ಕಂದಿರಿಗೆ ಇಷ್ಟು ಸಾಲದೇ? ಅದರಲ್ಲೂ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ, ಕಾಯಿಲ್‌ಗಳನ್ನು ಬೋರ್ಡ್ ಮೇಲೆ ಮಾತ್ರ ಸುತ್ತಿರುವ ಅಕ್ಕನಿಗೆ?

ವಿಡಿಯೊ ನೋಡಿದೆ. ಗಿಟಾರಿನ ತಂತಿಗಳ ಕೆಳಗೆ, ಅವುಗಳ ಅಲುಗಾಟವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್ ಅಂತ ಇರುತ್ತದೆ. ಆಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಕಾಯಿಲ್. ಶಶಿಯ ಗಿಟಾರಿನಲ್ಲಿ ಅಂಥ ಎರಡು ಕಾಯಿಲ್ ಅಕ್ಕಪಕ್ಕ ಕೂತು ಒಟ್ಟಿಗೆ ದುಡಿಯುತ್ತವೆ. ಅದಕ್ಕೇ ದಪ್ಪ ಸೌಂಡು. ಒಂದನ್ನು ಸುಮ್ಮನಿರಿಸಿದರೆ ತೆಳ್ಳನೆಯದು. ಇದಕ್ಕೆ ಕಾಯಿಲ್ ಸ್ಪ್ಲಿಟ್ ಅನ್ನುತ್ತಾರೆ. ಹಳೆಯ ವಾಲ್ಯೂಮ್ ಕಂಟ್ರೋಲ್ ಕಿತ್ತು, ಮೇಲಕ್ಕೆ ಎಳೆದರೆ ಸ್ವಿಚ್ ಆಗುವಂಥ ಹೊಸದನ್ನು ಕೂರಿಸಬೇಕು. ‘ಅರ್ಧ ಗಂಟೆಯ ಕೆಲಸ’ ಅಂದ ವಿಡಿಯೊದವನು. (ಅವನಿಗೆ ಒಳ್ಳೆಯದಾಗಲಿ. ನನ್ನಿಂದ ದೂರದಲ್ಲಿ ಎಲ್ಲಾದರೂ ಆಗಲಿ.)

ಪಿಕಪ್‌ನಿಂದ ಹೊರಬರುವ ತಂತಿಗಳು ನಾಲ್ಕು. ಕೆಂಪು, ಬಿಳಿ, ಹಸಿರು, ಕಪ್ಪು. ವಿಡಿಯೊದಲ್ಲೂ ಅವೇ ಬಣ್ಣ. ಖುಷಿಯಿಂದ ಎಲ್ಲ ಬಿಡಿಸಿ, ತರಿಸಿಟ್ಟಿದ್ದ ಹೊಸ ಕಂಟ್ರೋಲ್ ಕೂರಿಸಿ, ಅವನು ತೋರಿಸಿದಂತೆಯೇ ಬೆಸುಗೆ ಹಾಕಿದೆ. ನುಡಿಸಿದೆ. ನೆಗಡಿಯಾದ ಸೊಳ್ಳೆ! ಜೊತೆಗೆ ಗುಂಯ್ ಅನ್ನುವ ಸದ್ದು ಬೇರೆ. ಆಮೇಲೆ ತಿಳಿಯಿತು, ಒಂದೊಂದು ಕಂಪನಿಯ ಪಿಕಪ್‌ನಲ್ಲಿ ಆ ಬಣ್ಣಗಳಿಗೆ ಒಂದೊಂದು ಅರ್ಥವಂತೆ. ಎಲ್ಲರೂ ಕೂತು ಒಂದು ತೀರ್ಮಾನಕ್ಕೆ ಬರಲು ಏನು ಕಷ್ಟ? ಬಿಚ್ಚುವ ಮೊದಲು ಫೋಟೊ ತೆಗೆದುಕೊಂಡೆಯಾ ಎಂದು ಮಾತ್ರ ನನ್ನನ್ನು ದಯವಿಟ್ಟು ಕೇಳಬೇಡಿ. ನನ್ನ ಗಂಡ ಆಗಲೇ ಕೇಳಿಯಾಗಿದೆ. ಮೂರು ಸಲ.

ಬುಧವಾರ ಇಡೀ ದಿನ ಸಲಹೆಗಳು. ಬೆಂಗಳೂರಿನ ಅಂಗಡಿಯವನು ಫೋನಿನಲ್ಲೇ ‘ಪಿಕಪ್ ಹೋಗಿದೆ, ಹೊಸದು ಹಾಕ್ಸಿ’ ಅಂದ. ಸಹೋದ್ಯೋಗಿಯೊಬ್ಬರು ಮನೆಯ ಅರ್ಥಿಂಗ್ ಸರಿಯಿಲ್ಲ ಅಂದರು. ಅವರ ಮಗಳು ಸ್ಪೀಕರ್ ಸರಿಯಿಲ್ಲ ಅಂದಳು. ಒಬ್ಬರಾದರೂ ಗಿಟಾರ್ ನೋಡಿರಲಿಲ್ಲ. ‘ನಂಗೊತ್ತಿಲ್ಲ’ ಎಂದು ಹೇಳಲು ನಮ್ಮವರಿಗೆ ಬಾಯಿ ನೋಯುತ್ತದೆಯೇ?

ಗುರುವಾರ ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಆಟೊ ಹತ್ತಿದೆ. ಮೋಟರ್ ವೈಂಡಿಂಗ್ ಮಾಡುವ ನಿಂಗರಾಜು ಎಂಬುವರು ಇದ್ದಾರೆ. ವಿರೂಪಾಕ್ಷಿಪುರದ ಕಡೆಯವರು. ಬೋರ್‌ವೆಲ್ ಪಂಪು, ರೇಷ್ಮೆ ಬಿಚ್ಚಾಣಿಕೆ ಮೋಟರು, ಏನೇ ಸುಟ್ಟರೂ ಅವರ ಹತ್ತಿರ ಹೋಗುತ್ತದೆ. ಅವರು ಗಿಟಾರ್ ಹೊಟ್ಟೆಯೊಳಗೆ ಇಣುಕಿ ನೋಡಿದರು.

‘ಇದು ನಂಗೊತ್ತಿಲ್ಲ ಮೇಡಂ.’

ಮೂರು ದಿನದಲ್ಲಿ ಕೇಳಿದ ಮೊದಲ ಪ್ರಾಮಾಣಿಕ ಮಾತು! ಎದ್ದು ಹೊರಟೆ.

‘ತಾಳಿ, ಎಲ್ಗೋಯ್ತೀರಾ? ಕಾಯಿಲ್ ಕಾಯಿಲ್ಲೇ ತಾನೆ? ಒಸಿ ಮೀಟರ್ ಇಟ್ ನೋಡಾನ.’

ಮುಳ್ಳಿನ ಹಳೆಯ ಮೀಟರ್ ತಂದರು. ಯಾವ ಎರಡು ತಂತಿ ಯಾವ ಕಾಯಿಲ್‌ನವು ಎಂದು ಜೋಡಿ ಹುಡುಕಿದರು. ಆಮೇಲೆ ಒಂದು ಕಬ್ಬಿಣದ ಸ್ಕ್ರೂಡ್ರೈವರನ್ನು ಪಿಕಪ್‌ಗೆ ಮೆಲ್ಲಗೆ ತಾಗಿಸಿದರು. ಮುಳ್ಳು ಬಲಕ್ಕೆ ಹಾರಿತು. ಇನ್ನೊಂದು ಕಾಯಿಲ್‌ಗೆ ತಾಗಿಸಿದರು. ಎಡಕ್ಕೆ.

‘ನೋಡುದ್ರಾ? ಅದು ಆ ಕಡೀಕ್ ಎಳೀತೈತೆ, ಇದು ಈ ಕಡೀಕ್ ಎಳೀತೈತೆ. ಒಂದನ್ನ ತಿರುಗ್ಸಾಕಿದ್ದೀರ.’

ಇದನ್ನೇ ನಾನು ಪ್ರತಿವರ್ಷ ಎರಡು ಕ್ಲಾಸು ಪಾಠ ಮಾಡುತ್ತೇನೆ. ಹೇಳಿಕೊಳ್ಳಲಿಲ್ಲ. ಒಂದು ಕಾಯಿಲ್‌ನ ತಂತಿಗಳನ್ನು ಅದಲು ಬದಲು ಮಾಡಿ ಬೆಸುಗೆ ಹಾಕಿಕೊಟ್ಟರು.

ಮನೆಗೆ ಬಂದು ನುಡಿಸಿದೆ. ದಪ್ಪ ಸೌಂಡು ವಾಪಸ್ಸು ಬಂದಿತ್ತು! ಕಂಟ್ರೋಲ್ ಮೇಲಕ್ಕೆ ಎಳೆದೆ. ತೆಳ್ಳನೆಯದೂ ಬಂತು. ಗುಂಯ್ ಕೂಡ ಬಂತು. ಶುಕ್ರವಾರವೆಲ್ಲ ಆ ಗುಂಯ್ ಹಿಂದೆ ಬಿದ್ದೆ. ಫ್ಯಾನ್ ಆರಿಸಿದೆ, ಫ್ರಿಜ್ ಆರಿಸಿದೆ, ಗಂಡನ ಟಿವಿ ಆರಿಸಿ ಬೈಸಿಕೊಂಡೆ. ಕೊನೆಗೆ ನಿಂಗರಾಜುಗೆ ಫೋನ್ ಮಾಡಿದೆ.

‘ಎರಡೂ ಇದ್ದಾಗ ಗುಂಯ್ ಅಂತೈತಾ?’

‘ಇಲ್ಲ.’

‘ಮತ್ತೆ? ಆ ಸದ್ದು ಅಡಗ್ಸಕ್ಕೇ ಎರಡು ಮಡಗಿರೋದು ಕಣ್ ಮೇಡಂ. ಒಂದನ್ ನೀವೇ ಬಂದ್ ಮಾಡ್ಬುಟ್ಟು ಗುಂಯ್ ಅಂತೈತೆ ಅಂದ್ರೆ?’

ಇಲ್ಲದ ದೋಷಕ್ಕೆ ಒಂದು ಇಡೀ ದಿನ ಕೊಟ್ಟಿದ್ದೆ. ಮೈಯೆಲ್ಲ ಉರಿಯಿತು.

ಶನಿವಾರ ಶಶಿ ಬಂದ. ಮುಚ್ಚಿಡಬಹುದಿತ್ತು. ಆದರೆ ಮರುದಿನ ಸ್ಟೇಜ್ ಮೇಲೆ ನನ್ನ ಬೆಸುಗೆ ಬಿಟ್ಟರೆ? ಎಲ್ಲ ಹೇಳಿದೆ. ಅವನು ಗಿಟಾರ್ ತೆಗೆದು ಪ್ರತಿ ತಂತಿಯನ್ನೂ ನುಡಿಸಿದ. ಕಂಟ್ರೋಲ್ ಎಳೆದ, ಒತ್ತಿದ, ಮತ್ತೆ ಎಳೆದ.

‘ಯಾರು ಹೇಳಿದ್ದು ನಿಂಗೆ?’

‘ನೀನೇ ಕಣೋ ತೆಳ್ಳನೆ ಸೌಂಡ್ ಬೇಕು ಅಂದಿದ್ದು.’

‘ಬಂದಿದ್ರೆ ಚೆನ್ನಾಗಿತ್ತು ಅಂದೆ. ಬಿಚ್ಚು ಅಂದ್ನಾ? ನಾಳೆ ಇದು ಕೈಕೊಟ್ರೆ ಇನ್ನೊಂದ್ಸಲ ಆರ್ಕೆಸ್ಟ್ರಾದವ್ರು ನನ್ನ ಕರೀತಾರೇನಕ್ಕ?’

ನಾನು ಇಟ್ಟ ಕಾಫಿ ಆರಿತು. ಅವನು ಹೊರಟುಹೋದ.

ಭಾನುವಾರ ಸಂಜೆ ಫೋನ್ ಹಿಡಿದುಕೊಂಡೇ ಕೂತಿದ್ದೆ. ಮಾಗಡಿಯ ಯಾವುದೋ ಛತ್ರದಲ್ಲಿ ನನ್ನ ತಮ್ಮ ನಿಂತಿದ್ದಾನೆ, ಗಿಟಾರ್ ಸತ್ತಿದೆ, ಜನ ನೋಡುತ್ತಿದ್ದಾರೆ. ಇದೇ ಚಿತ್ರ ಕಣ್ಣ ಮುಂದೆ.

ಸೋಮವಾರ ಬೆಳಿಗ್ಗೆ ಫೋನ್ ಬಂತು. ‘ಏನೂ ಆಗ್ಲಿಲ್ಲ. ನಿನ್ ತೆಳ್ಳನೆ ಸೌಂಡು ಒಂದು ಹಾಡಿಗೆ ಹಾಕ್ದೆ. ಹಾಡೋನು ತಿರುಗಿ ನೋಡ್ದ, ಚೆನ್ನಾಗಿದೆ ಅಂತ ಸನ್ನೆ ಮಾಡ್ದ.’

‘ನೋಡು ಮತ್ತೆ!’ ಅಂದೆ.

‘ನೋಡೋದೇನಿಲ್ಲ. ಕೇಳ್ದೆ ಮುಟ್ಟಿದ್ದು ತಪ್ಪು ತಾನೆ?’

ತಪ್ಪೇ. ಒಪ್ಪಿಕೊಂಡೆ, ಸಾರಿ ಕಣೋ ಅಂದೆ. ಆದರೂ ಫೋನ್ ಇಟ್ಟ ಮೇಲೆ ಕೋಪ ತಡೆಯಲಾಗಲಿಲ್ಲ. ಪ್ರೀತಿಯಿಂದ ಮಾಡಿದ್ದಕ್ಕೇ ಕ್ಷಮೆ ಕೇಳಬೇಕಾಗಿ ಬಂದಾಗ ಬರುವಷ್ಟು ಸಿಟ್ಟು ನಿಮಗೆ ಬೇರೆ ಯಾವುದಕ್ಕಾದರೂ ಬಂದಿದೆಯೇ?